ಎಡ ಮುಂಗಾಲು

ಜೂನ್ ೪

ಇವರಿಗೆ,

ಕ್ಷೇಮದ ಸಾಲುಗಳನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಕುದುರೆ ಕಂಬಳಿ ಮುಂದೆ ಹೋಗುತ್ತಿಲ್ಲ.

ಎಲ್ಲರ ಹತ್ತಿರವೂ ಹೀಗಲ್ಲ. ಸವಾರಿ ಕಲಿಯಲು ಬರುವ ಬೇರೆ ಮಕ್ಕಳನ್ನು ಹತ್ತಿಸಿದರೆ ಎಂದಿನಂತೆಯೇ ಹೋಗುತ್ತದೆ. ಹಲ್ಲಿನ ಡಾಕ್ಟರ ಮಗ ಅದರ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಕಿರುಚಿದರೂ ಹೋಗುತ್ತದೆ. ನಮ್ಮ ಮಗಳು ಹತ್ತಿದರೆ ಮಾತ್ರ ನಿಲ್ಲುತ್ತದೆ. ಬೇಲಿಯೊಳಗಿನ ಮೈದಾನದಲ್ಲೂ ನಿಲ್ಲುತ್ತದೆ, ಗೇಟು ದಾಟಿ ತೋಪಿನ ಕಡೆ ಹೊರಟಾಗಲೂ ನಿಲ್ಲುತ್ತದೆ. ಕಿವಿ ಹಿಂದಕ್ಕೆ ಮಡಚುವುದಿಲ್ಲ, ಒದೆಯುವುದಿಲ್ಲ, ತಿರುಗಿ ಲಾಯಕ್ಕೆ ಓಡುವುದಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಲ್ಲುತ್ತದೆ. ಹಿಮ್ಮಡಿ ಒತ್ತಿದರೂ ಇಲ್ಲ, ಬೆತ್ತ ತೋರಿಸಿದರೂ ಇಲ್ಲ. ಅವಳು ಇಳಿದು ಲಗಾಮು ಹಿಡಿದು ಎಳೆದರೆ ಎರಡು ಹೆಜ್ಜೆ ಯೋಚಿಸಿ ಹಿಂದೆ ಬರುತ್ತದೆ. ಈ ಕೆಲಸದಲ್ಲಿ ನಾನು ಮೊಂಡು ಕುದುರೆಗಳನ್ನು ಸಾಕಷ್ಟು ನೋಡಿದ್ದೇನೆ. ಮೊಂಡುತನದಲ್ಲಿ ಒಂದು ಸಿಟ್ಟಿರುತ್ತದೆ. ಇದರಲ್ಲಿ ಅದು ಕಾಣುವುದಿಲ್ಲ. ಅದಕ್ಕೇ ನನಗೆ ಇದನ್ನು ಹೇಗೆ ಹಿಡಿಯಬೇಕೆಂದು ತಿಳಿಯುತ್ತಿಲ್ಲ.

ನಿಂತಾಗ ಎಡ ಮುಂಗಾಲನ್ನು ಸರಿಯಾಗಿ ಊರುವುದಿಲ್ಲ. ನೋವಿರಬೇಕು. ನಿಮಗೆ ಬರೆಯುತ್ತಿರುವುದು ಅದಕ್ಕಾಗಿ. ಹೋಗುವ ಮೊದಲು ಅದಕ್ಕೆ ಲಾಳ ಕಟ್ಟಿದವರು ನೀವು. ಆಮೇಲೆ ಪೇಟೆಯವನು ಬಂದು ಕಟ್ಟುತ್ತಿದ್ದಾನೆ. ಅವನ ಕೆಲಸದ ವೇಗ ನೋಡಿದರೆ ಹೊರಗೆ ಯಾರೋ ಅವನ ಸೈಕಲ್ಲು ಕದಿಯುತ್ತಿದ್ದಾರೆ ಅನಿಸಬೇಕು. ಆ ಗೊರಸಿನಲ್ಲಿ ನಿಮಗೆ ಏನಾದರೂ ಕಂಡಿತ್ತೇ? ಸೀಳು, ಹುಣ್ಣು, ಏನಾದರೂ?

ಫೋನಿನಲ್ಲಿ ಕೇಳಬಹುದಿತ್ತು. ಫೋನಿನಲ್ಲಿ ನಾವು ಮೂವರೂ ಒಂದೊಂದೇ ಅಕ್ಷರದಲ್ಲಿ ಮಾತು ಮುಗಿಸುತ್ತೇವೆ.

ಕುದುರೆಯ ಬಗ್ಗೆ ಮಾತ್ರ ಬರೆದರೂ ಸಾಕು.

ಇಂತಿ,
ಲಾಯದವಳು


ಜೂನ್ ೧೫

ಲಾಯದವಳಿಗೆ,

ಆ ಗೊರಸಿನಲ್ಲಿ ಏನೂ ಇರಲಿಲ್ಲ. ಕಂಬಳಿಯ ನಾಲ್ಕು ಗೊರಸುಗಳಲ್ಲಿ ಅದೇ ಚೆನ್ನಾಗಿದ್ದದ್ದು.

ಪೇಟೆಯವನು ಮೊಳೆಯನ್ನು ಒಳಗಿನ ಹಸಿ ಭಾಗಕ್ಕೆ ಹತ್ತಿರ ಹೊಡೆದಿರಬಹುದು. ಸಣ್ಣ ಸುತ್ತಿಗೆಯಿಂದ ಒಂದೊಂದೇ ಮೊಳೆಯನ್ನು ಮೆಲ್ಲಗೆ ತಟ್ಟು. ಯಾವುದನ್ನು ತಟ್ಟಿದಾಗ ಕಾಲು ಎಳೆದುಕೊಳ್ಳುತ್ತದೋ ಅದನ್ನು ಕೀಳಿಸು. ಗೊರಸಿಗೆ ಅಂಗೈ ಇಟ್ಟು ನೋಡು, ಬಿಸಿಯಿದ್ದರೆ ಒಳಗೆ ಕೀವು. ಎರಡೂ ಅಲ್ಲದಿದ್ದರೆ ಜೀನು. ಮಗಳು ಹತ್ತಿದಾಗ ಮಾತ್ರ ನಿಲ್ಲುತ್ತದೆ ಎನ್ನುತ್ತೀ. ಮಗಳ ಜೀನು ಬೇರೆಯದಲ್ಲವೇ? ಅದರಡಿ ಕೈ ತೂರಿಸಿ ಭುಜದ ಹತ್ತಿರ ಒತ್ತುತ್ತದೆಯೋ ನೋಡು. ಬೆತ್ತ ಎತ್ತಿಡು. ಕಾರಣ ತಿಳಿಯುವ ಮೊದಲು ಬೆತ್ತ ತೋರಿಸಿದರೆ ಅದಕ್ಕೂ ನಿಲ್ಲಲು ಒಂದು ಕಾರಣ ಸಿಕ್ಕಂತಾಗುತ್ತದೆ.

ಇಲ್ಲಿರುವುದೆಲ್ಲ ಓಟದ ಕುದುರೆಗಳು. ಮೈಮೇಲೆ ನೊಣ ಕೂತರೂ ನಾಲ್ಕು ಜನ ಓಡಿ ಬರುತ್ತಾರೆ. ಬಂದ ಹೊಸತರಲ್ಲೇ ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತರು. "ಏನ್ರೀ ಅದು, ಕುದುರೆ ಹತ್ರ ಹರಟೆ? ಕಿವೀಲಿ ಏನ್ ಊದ್ತಿದೀರ?" ಅಂದರು. "ಕಥೆ ಹೇಳ್ತಿದೀನಿ ಸಾರ್" ಅಂದೆ. ಅವರು ನಗಲಿಲ್ಲ. ಅಂದಿನಿಂದ ಬಾಯಿ ಮುಚ್ಚಿಕೊಂಡು ಲಾಳ ಕಟ್ಟುತ್ತೇನೆ. ಕೆಲಸ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಏನು ಮಾಡುವುದೆಂದು ಗೊತ್ತಾಗುವುದಿಲ್ಲ.

ಒಪ್ಪಿಕೊಂಡ ಆರು ತಿಂಗಳು ಮುಗಿಯಿತು. ಬೇಕಾದರೆ ಇನ್ನೂ ಇರಬಹುದು ಎಂದರು. ಇದ್ದೇನೆ.

ನಮ್ಮ ಕಪ್ಪೆ ಹೇಗಿದ್ದಾಳೆ? ಬೆಳಗಿನಿಂದ ಮಲಗುವವರೆಗೆ ವಟಗುಟ್ಟುವುದು ನಿಂತಿಲ್ಲ ತಾನೆ?

ಇಂತಿ,
ಲಾಳದವನು


ಜುಲೈ ೨

ಇವರಿಗೆ,

ನೀವು ಹೇಳಿದ್ದೆಲ್ಲ ಮಾಡಿದೆ. ಮೊಳೆ ತಟ್ಟಿದಾಗ ಕಂಬಳಿ ಆಕಳಿಸಿತು. ಗೊರಸು ತಣ್ಣಗಿದೆ. ಜೀನು ಬದಲಿಸಿದೆ. ಜೀನೇ ಇಲ್ಲದೆ ಬರಿಬೆನ್ನಿನ ಮೇಲೂ ಅವಳನ್ನು ಕೂರಿಸಿದೆ. ಕಡಿವಾಣ ಬದಲಿಸಿದೆ. ಪಶುವೈದ್ಯರು ಬಂದು ಹಲ್ಲು, ಬೆನ್ನು, ಕೀಲು ಎಲ್ಲ ಒತ್ತಿ ನೋಡಿದರು. "ನೋಡೀಮ್ಮಾ, ಇದಕ್ಕಿರೋದು ಒಂದೇ ಕಾಯಿಲೆ. ಊಟ ಜಾಸ್ತಿ, ನಾಚಿಕೆ ಕಮ್ಮಿ" ಎಂದು ಕೈ ತೊಳೆದುಕೊಂಡು ಹೋದರು.

ಇದು ನಗುವ ವಿಷಯವಾಗಿ ಉಳಿದಿಲ್ಲ. ಮೊನ್ನೆ ತೋಪಿಗೆ ಹೊರಟಿದ್ದೆವು. ನಡುವೆ ದೊಡ್ಡ ರಸ್ತೆ ದಾಟಬೇಕಲ್ಲ. ಎರಡೂ ಕಡೆ ನೋಡಿ, ನನ್ನ ಕುದುರೆಯ ಮೇಲೆ ನಾನು ಮುಂದೆ ಹೊರಟೆ. ದಾಟುತ್ತಲೇ ಹಿಂದಿದ್ದ ಅವಳಿಗೆ, "ನಿಲ್ಲಿಸಬೇಡ, ಹಿಮ್ಮಡಿ ಒತ್ತು, ನನ್ನ ಬೆನ್ನನ್ನೇ ನೋಡ್ಕೊಂಡು ಬಾ" ಎಂದೆ. ಹೂಂ ಎಂದಳು. ಆಚೆ ಬದಿ ತಲುಪಿ ತಿರುಗಿದರೆ ಕಂಬಳಿ ರಸ್ತೆಯ ನಡುವಿನ ಬಿಳಿ ಗೆರೆಯ ಮೇಲೆ ನಿಂತಿದೆ. ತಿರುವಿನಲ್ಲಿ ಮರಳು ತುಂಬಿದ ಲಾರಿ. ಚಾಲಕ ಬ್ರೇಕು ಒತ್ತಿದ ಸದ್ದು ನನ್ನ ಹಲ್ಲಿನೊಳಗೆ ಕೇಳಿಸಿತು. ಲಾರಿ ನಿಂತಾಗ ಅದರ ಮೂತಿಗೂ ಮಗಳ ಮೊಣಕಾಲಿಗೂ ನಡುವೆ ಒಂದು ಕುರ್ಚಿ ಇಡುವಷ್ಟು ಜಾಗವಿತ್ತು. ಕಂಬಳಿ ಅಲುಗಲಿಲ್ಲ. ಚಾಲಕ ಕೆಳಗಿಳಿದು, "ಏನಮ್ಮಾ, ಇದು ಕುದುರೆನೋ ಮೈಲಿಗಲ್ಲೋ?" ಎಂದು ಕೂಗಾಡಿದ. ಆಮೇಲೆ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟ. ಬೀಡಿ ಹಚ್ಚಲು ಅವನ ಕೈ ಒಪ್ಪುತ್ತಿರಲಿಲ್ಲ. ನಾನೇ ಹಚ್ಚಿಕೊಟ್ಟೆ.

ಮಗಳು ಅಳಲಿಲ್ಲ. "ಹೆದರ್ಕೊಂಡ್ಯಾ?" ಎಂದೆ. ತಲೆಯಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ.

ಬೇರೆ ಕುದುರೆ ಕೊಡುತ್ತೇನೆ ಎಂದರೆ ಹತ್ತುವುದಿಲ್ಲ. ರಸ್ತೆಯ ನಡುವೆ ನಿಲ್ಲುವ ಕುದುರೆಯನ್ನು ನಾನು ಲಾಯದಲ್ಲಿ ಇಟ್ಟುಕೊಳ್ಳಲಾರೆ. ಇವತ್ತು ನಮ್ಮ ಮಗಳು, ನಾಳೆ ಇನ್ನೊಬ್ಬರ ಮಗು. ಕುದುರೆ ದಲ್ಲಾಳಿಗೆ ಹೇಳಿಕಳಿಸಿದ್ದೇನೆ.

ಕಪ್ಪೆ ವಟಗುಟ್ಟುವುದಿಲ್ಲ. ಹೇಳಿದ ಮಾತು ಕೇಳುತ್ತಾಳೆ.

ಇಂತಿ,
ಲಾಯದವಳು


ಜುಲೈ ೧೪

ಲಾಯದವಳಿಗೆ,

ಆ ದಲ್ಲಾಳಿಯ ಲಾರಿ ಹತ್ತಿದ ಕುದುರೆಗೆ ಮತ್ತೆ ಲಾಳ ಕಟ್ಟಿಕೊಡಿ ಎಂದು ಯಾರೂ ನನ್ನನ್ನು ಕರೆದಿಲ್ಲ. ಆ ಕಡೆಯ ಯಾವ ಲಾಳದವನನ್ನೂ ಕರೆದಿಲ್ಲ. ಯಾಕೆಂದು ನಿನಗೂ ಗೊತ್ತು. ಗೊತ್ತಿದ್ದೇ ಹೇಳಿಕಳಿಸಿದ್ದೀ.

ಮರಳು ಲಾರಿಯ ವಿಷಯ ಓದಿದ ಮೇಲೆ ಒಂದು ಕುದುರೆಯ ಕಾಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದೆನಂತೆ. ಪಕ್ಕದವನು ಕೇಳಿದ, "ಏನ್ ಗುರುವೇ, ಗೊರಸಲ್ಲಿ ಪೇಪರ್ ಓದ್ತಿದೀರಾ?"

ಒಂದು ಹೇಳುತ್ತೇನೆ, ತಪ್ಪು ತಿಳಿಯಬೇಡ. ಅವಳ ಕೈ ನೋಡು. ಹೆದರಿದ ಮಕ್ಕಳ ಕಾಲು ಹೋಗು ಎನ್ನುತ್ತದೆ, ಕೈ ಬೇಡ ಎನ್ನುತ್ತದೆ. ಲಗಾಮು ಕೂದಲೆಳೆಯಷ್ಟು ಬಿಗಿಯಾದರೂ ಕಂಬಳಿಯಂಥದ್ದಕ್ಕೆ ತಿಳಿಯುತ್ತದೆ. ಅವಳು ಬೇಕೆಂದು ಹಾಗೆ ಮಾಡುತ್ತಿಲ್ಲ, ಆದರೂ ನೋಡು.

ನಾನು ಹೇಳುವವರೆಗೆ ಅದನ್ನು ಕೊಡಬೇಡ.

ಇಂತಿ,
ಲಾಳದವನು


ಜುಲೈ ೨೩

ಇವರಿಗೆ,

ಕೈ ನೋಡುವುದನ್ನು ನನಗೆ ಹೇಳಿಕೊಡಬೇಡಿ. ನನ್ನ ಹೊಟ್ಟೆಪಾಡೇ ಮಕ್ಕಳ ಕೈ ನೋಡುವುದು.

ಆದರೂ ನೋಡಿದೆ. ಕಂಬಳಿಯ ಪಕ್ಕದಲ್ಲೇ ನಡೆಯುತ್ತ, ಅವಳ ಬೆರಳಿಗೂ ಲಗಾಮಿಗೂ ನಡುವೆ ನನ್ನ ಬೆರಳು ತೂರಿಸಿಕೊಂಡು ಮೈದಾನ ಸುತ್ತಿದೆ. ಅಷ್ಟು ಹಗುರವಾದ ಕೈ ನನ್ನ ಹತ್ತಿರ ಕಲಿತ ಯಾರಿಗೂ ಇಲ್ಲ. ಒಂದೊಂದು ಹೆಜ್ಜೆಗೂ ಹೇಳಿಕೊಟ್ಟೆ. ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ, ಕಣ್ಣು ಮುಂದೆ, ಈಗ ಒತ್ತು. ಎಲ್ಲ ಹೇಳಿದ ಹಾಗೇ ಮಾಡಿದಳು. ನಾನು ಹೇಳಿದಷ್ಟೂ ಅದು ಹೆಚ್ಚು ನಿಂತಿತು. ಕೊನೆಕೊನೆಗೆ ಒಂದು ಮಾತು, ಒಂದು ನಿಲುಗಡೆ. ನನಗೆ ಅಳು ಬಂತು, ಬೇಲಿಯ ಕಡೆ ತಿರುಗಿ ಗೂಟ ಸರಿ ಮಾಡಿದೆ.

ಅವಳು ಯಾವ ತಪ್ಪನ್ನೂ ಮಾಡುತ್ತಿಲ್ಲ. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು.

ನೀವು ಹೇಳುವವರೆಗೆ ಎಂದಿರಿ. ನೀವು ಹೇಳುವವರೆಗೆ ಕಾದ ಬೇರೆ ವಿಷಯಗಳೂ ಈ ಮನೆಯಲ್ಲಿವೆ. ದಲ್ಲಾಳಿ ಆಗಸ್ಟ್ ಕೊನೆಯ ಶನಿವಾರ ಲಾರಿ ತರುತ್ತಾನೆ.

ಇಂತಿ,
ಲಾಯದವಳು


ಆಗಸ್ಟ್ ೧

ಅಪ್ಪಾ,

ಈ ಕಾಗದ ಅಮ್ಮನಿಗೆ ಗೊತ್ತಿಲ್ಲ. ಸ್ಟಾಂಪು ಟೀಚರ್ ಕೊಟ್ಟರು.

ಅಮ್ಮ ಕಂಬಳಿನ ಕೊಟ್ಟುಬಿಡ್ತಾಳೆ. ದಲ್ಲಾಳಿ ಬಂದು ಅದರ ತುಟಿ ಎತ್ತಿ ಹಲ್ಲು ನೋಡಿ "ಪರವಾಗಿಲ್ಲ" ಅಂದ. ಅವನ ಹಲ್ಲು ಯಾರೂ ನೋಡಲಿಲ್ಲ. ನೋಡಿದ್ದರೆ ಅವನನ್ನು ಯಾರೂ ತಗೊಳ್ತಿರಲಿಲ್ಲ. ಅವನ ಹತ್ತಿರ ಹೋದ ಕುದುರೆ ಎಲ್ಲಿಗೆ ಹೋಗುತ್ತೆ ಅಂತ ಹಲ್ಲಿನ ಡಾಕ್ಟರ ಮಗ ಹೇಳಿದ. ನಾನು ಅವನಿಗೆ ಹೊಡೆದೆ. ಆಮೇಲೆ ಅದು ನಿಜ ಅಂತ ಗೊತ್ತಾಯಿತು.

ನಾನು ಏನೂ ಮಾಡ್ತಿಲ್ಲ ಅಪ್ಪ. ಮುಂಚೆ ಅಮ್ಮ ಏನು ಹೇಳಿದ್ರೂ ಯಾಕೆ, ಆಗಲ್ಲ, ಆಮೇಲೆ ಅಂತಿದ್ದೆನಲ್ಲ, ಈಗ ಹಾಗೆ ಅನ್ನಲ್ಲ. ಎಲ್ಲದಕ್ಕೂ ಹೂಂ ಅಂತೀನಿ. ಎದುರು ಮಾತಾಡಿದ್ರೆ ಜಗಳ ಆಗುತ್ತೆ, ಜಗಳ ಆದ್ರೆ ಮನೇಲಿ ಇನ್ನೊಬ್ಬರು ಹೋಗಿಬಿಡ್ತಾರೆ.

ಕಂಬಳಿಗೆ ಕಾಲು ನೋವು ಅಂತಾಳೆ ಅಮ್ಮ. ನೋವಲ್ಲ. ಅಮ್ಮ ಮುಂದೆ ಇರ್ತಾಳೆ, ಪಕ್ಕದಲ್ಲಿದ್ದರೂ ನನ್ನ ಕೈನೇ ನೋಡ್ತಾಳೆ, ಅವಳಿಗೆ ಸರಿಯಾಗಿ ಕಾಣಲ್ಲ. ನಾನು ಮೇಲಿಂದ ನೋಡಿದೀನಿ. ಅದು ಕಾಲು ಮಡಿಸಿ ಎತ್ತಿ ಹಿಡ್ಕೊಳ್ಳುತ್ತೆ, ತಗೋ ಅಂತ ಕೊಡೋ ಥರ. ಕುತ್ತಿಗೆ ತಿರುಗಿಸಿ ಪಕ್ಕ ನೋಡುತ್ತೆ. ಅಲ್ಲಿ ಯಾರೂ ಇರಲ್ಲ.

ಟೋಪಿ ಕಳಕೊಂಡ ಅಂಚೆಯವನ ಕಥೆ ನೀನು ಅರ್ಧ ಹೇಳಿ ಹೋದೆ. ಟೋಪಿ ಸಿಕ್ತಾ?

ಬೇಗ ಬರಿ. ಶನಿವಾರದ ಒಳಗೆ ಅಲ್ಲ, ಕೊನೇ ಶನಿವಾರದ ಒಳಗೆ.

ಇಂತಿ ನಿನ್ನ
ಕಪ್ಪೆ


ಆಗಸ್ಟ್ ೯

ಲಾಯದವಳಿಗೆ,

ಕಪ್ಪೆ ನನಗೆ ಬರೆದಿದ್ದಾಳೆ. ಅವಳನ್ನು ಬೈಯಬೇಡ.

ಕಾಲನ್ನು ಊರುವುದಿಲ್ಲ ಎಂದು ನೀನು ಬರೆದೆ, ನಾನು ನೋವನ್ನು ಹುಡುಕಿದೆ. ಕಾಲನ್ನು ಎತ್ತಿ ಕೊಡುತ್ತದೆ ಎಂದು ಅವಳು ಬರೆದಿದ್ದಾಳೆ. ಎರಡೂ ಒಂದೇ ಕಾಲು. ನೋವಿರುವ ಕುದುರೆ ಕಾಲನ್ನು ಕೊಡುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ಎತ್ತಿ ಕೊಡುವುದು ಲಾಳದವನಿಗೆ. ನಾನು ಯಾವಾಗಲೂ ಎಡ ಮುಂಗಾಲಿನಿಂದಲೇ ಶುರು ಮಾಡುವುದು.

ಕಂಬಳಿ ಬಂದ ಹೊಸತರಲ್ಲಿ ಕಾಲು ಮುಟ್ಟಿಸಿಕೊಳ್ಳುತ್ತಿರಲಿಲ್ಲ, ನೆನಪಿದೆಯಾ? ಹಗ್ಗ ಕಟ್ಟದೆ, ಹೊಡೆಯದೆ ಅದನ್ನು ನಿಲ್ಲಿಸಿದ್ದು ಕಥೆ. ನಾನು ಹೇಳುತ್ತಿದ್ದೆ, ಕಪ್ಪೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಹೂಂಗುಟ್ಟುತ್ತಿದ್ದಳು. ಅವಳು ಹೂಂ ಎನ್ನುತ್ತಿದ್ದರೆ ಕಥೆ ನಡೆಯುತ್ತಿತ್ತು, ಕಥೆ ನಡೆಯುತ್ತಿದ್ದರೆ ಕಂಬಳಿ ನಿಲ್ಲುತ್ತಿತ್ತು. ಬರಬರುತ್ತ ಅದಕ್ಕೆ ಕಥೆಯೇ ಬೇಕಿರಲಿಲ್ಲ. ಅವಳ ದನಿಯಲ್ಲಿ ಒಂದು ಹೂಂ ಕೇಳಿದರೆ ಸಾಕು, ಎಡ ಮುಂಗಾಲು ಮೇಲೆ. ಇದನ್ನು ನಾನೊಬ್ಬನೇ ಗಮನಿಸಿದ್ದು. ನಿನಗೆ ಹೇಳಬೇಕು ಎಂದುಕೊಳ್ಳುತ್ತಿದ್ದೆ. ನೀನು ಮೈದಾನದಲ್ಲಿರುತ್ತಿದ್ದೆ.

ಆಗ ಅವಳು ಮೈದಾನದಲ್ಲಿ ನಿನ್ನ ಜೊತೆ ವಾದ ಮಾಡುತ್ತಿದ್ದಳು. ಹೂಂ ಒಂದನ್ನು ಬಿಟ್ಟು ಉಳಿದ ಮಾತೆಲ್ಲ ಆಡುತ್ತಿದ್ದಳು. ಈಗ ನೀನು ಹಿಮ್ಮಡಿ ಎನ್ನುತ್ತೀ, ಅವಳು ಹೂಂ. ಬೆನ್ನು ಎನ್ನುತ್ತೀ, ಹೂಂ. ನೀನು ಹೊರಡು ಎಂದಾಗಲೆಲ್ಲ ಅವಳು ಅದಕ್ಕೆ ನಿಲ್ಲು ಎಂದು ಹೇಳುತ್ತಿದ್ದಾಳೆ. ಅವಳಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೂ ಕೇಳಬೇಡ.

ದಲ್ಲಾಳಿ ಬರುವ ಮೊದಲು ಒಮ್ಮೆ ಅವಳ ಜೊತೆ ಹೊರಡು. ಏನನ್ನೂ ಹೇಳಿಕೊಡಬೇಡ. ಹೂಂ ಎಂದು ಉತ್ತರ ಕೊಡಲಾಗದಂಥದ್ದನ್ನು ಏನಾದರೂ ಕೇಳು. ಇಲ್ಲವೇ ಸುಮ್ಮನಿರು. ನಿನಗೆ ಎರಡೂ ಕಷ್ಟವೆಂದು ಬಲ್ಲೆ, ನನಗೂ ಸುಲಭವಾಗಿರಲಿಲ್ಲ.

ಅಕಸ್ಮಾತ್ ನಿಂತುಬಿಟ್ಟರೆ ಒಂದು ಮಾತಿದೆ. ಕಥೆ ಮುಗಿದಾಗ ನಾನು "ಅಷ್ಟೇ" ಎನ್ನುತ್ತಿದ್ದೆ. ಆ ಮಾತು ಕಿವಿಗೆ ಬಿದ್ದರೆ ಅದು ಕಾಲಿಳಿಸಿ ಹೊರಟುಬಿಡುತ್ತದೆ, ಯಾರು ಹೇಳಿದರೂ.

ಇಂತಿ,
ಲಾಳದವನು


ಆಗಸ್ಟ್ ೨೦

ಇವರಿಗೆ,

ನಿಮ್ಮ ಕಾಗದ ಓದಿ ಮೊದಲು ಬಂದದ್ದು ಸಿಟ್ಟು. ನನ್ನ ಲಾಯದಲ್ಲಿ, ನನ್ನ ಬೆನ್ನ ಹಿಂದೆ, ನೀವು ಮೂವರು ಒಂದು ಭಾಷೆ ಮಾಡಿಕೊಂಡಿದ್ದಿರಿ. ಅದನ್ನು ಬದಿಗಿಟ್ಟು ನಿನ್ನೆ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೊರಟೆ.

ಗೇಟಿನಿಂದ ದೊಡ್ಡ ರಸ್ತೆಯವರೆಗೆ ನಾನು ಬಾಯಿ ಬಿಡಲಿಲ್ಲ. ಅವಳ ಹಿಮ್ಮಡಿ ಮೇಲೆದ್ದಿತ್ತು, ಹೇಳಲಿಲ್ಲ. ಬೆನ್ನು ಗೂನಾಗಿತ್ತು, ಹೇಳಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತೆವು. ಅವಳು ನನ್ನ ಮುಖ ನೋಡಿದಳು. ದೂರದ ತಿರುವಿನಲ್ಲಿ ಏನೋ ವಾಹನದ ಸದ್ದು. ಅದು ಹಾದುಹೋಗುವವರೆಗೆ ಕಾದು, ತಲೆಯಾಡಿಸಿ, ಈ ಸಲ ಅವಳನ್ನೇ ಮುಂದೆ ಬಿಟ್ಟೆ. ಹುಷಾರು ಎಂಬ ಮಾತು ಹಲ್ಲಿನವರೆಗೆ ಬಂತು. ನಾಲಿಗೆ ಕಚ್ಚಿಕೊಂಡೆ. ನಿಜವಾಗಿ ಕಚ್ಚಿಕೊಂಡೆ, ಉಪ್ಪುಪ್ಪು ರುಚಿಯಾಯಿತು. ಕಂಬಳಿ ಬಿಳಿ ಗೆರೆಯ ಹತ್ತಿರ ಬಂತು. ಗೆರೆ ದಾಟಿತು. ಆಚೆ ಬದಿಯ ಹುಲ್ಲಿಗೆ ಹೋಗಿ ಬಾಯಿ ಹಾಕಿತು.

ತೋಪಿನೊಳಗೆ ಬಂದ ಮೇಲೆ ಅವಳು, "ಯಾಕಮ್ಮಾ ಏನೂ ಹೇಳ್ತಿಲ್ಲ? ಕೋಪನಾ?" ಎಂದಳು.

"ಇಲ್ಲ ಮರಿ. ನೀನೇ ಏನಾದ್ರೂ ಹೇಳು."

"ಏನ್ ಹೇಳ್ಲಿ?"

"ಸ್ಕೂಲಲ್ಲಿ ಯಾರಿಗೋ ಹೊಡೆದೆ ಅಂತ ಟೀಚರ್ ಹೇಳಿದ್ರು, ಯಾಕೆ?"

ಆಮೇಲೆ ನಲ್ಲಿ ತಿರುಗಿಸಿದ ಹಾಗಾಯಿತು. ಹಲ್ಲಿನ ಡಾಕ್ಟರ ಮಗ ಏನೆಂದ, ಅವನ ಮೂಗು ಹೇಗೆ ಕೆಂಪಾಯಿತು, ಟೀಚರ್ ಯಾಕೆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು, ಈಗ ಅವನು ಯಾಕೆ ಪೆನ್ಸಿಲು ಕೊಡುತ್ತಾನೆ. ಇಷ್ಟು ತಿಂಗಳ ಮಾತು. ಕಂಬಳಿ ಒಮ್ಮೆಯೂ ನಿಲ್ಲಲಿಲ್ಲ. ನಾನು ಪಕ್ಕದಲ್ಲಿ ಸುಮ್ಮನೆ ಹೋಗುತ್ತಿದ್ದೆ. ಹೀಗೇ ಮನೆ ತಲುಪಿದ್ದರೆ ಕಾಗದ ಇಲ್ಲಿಗೆ ಮುಗಿಯುತ್ತಿತ್ತು.

ಅದೇ ಉಸಿರಿನಲ್ಲಿ, ಪೆನ್ಸಿಲಿನ ವಿಷಯ ಹೇಳುತ್ತಿದ್ದ ದನಿಯಲ್ಲೇ, "ಅಪ್ಪ ಇನ್ನು ಬರಲ್ವಾ?" ಎಂದಳು.

ನಾನು ಹೂಂ ಎಂದೆ.

ಬರುವುದಿಲ್ಲ ಎಂದು ಒಪ್ಪಿದ ಹೂಂ ಅದೋ, ಬರುತ್ತಾರೆ ಎಂದು ಸಮಾಧಾನ ಮಾಡಿದ ಹೂಂ ಅದೋ, ನನಗೇ ಗೊತ್ತಿಲ್ಲ. ಯೋಚಿಸಿ ಆಡಿದ ಮಾತಲ್ಲ. ಕಂಬಳಿ ನಿಂತಿತು. ಅವಳ ದನಿಗೆ ಎಂದು ಬರೆದಿದ್ದಿರಿ. ನಮ್ಮಿಬ್ಬರ ಹೂಂ ಒಂದೇ ಎಂದು ಕುದುರೆಗೆ ಮೊದಲೇ ಗೊತ್ತಿತ್ತೇನೋ. ಎಡ ಮುಂಗಾಲನ್ನು ಮಡಿಸಿ ಎತ್ತಿ, ಕುತ್ತಿಗೆ ತಿರುಗಿಸಿ, ನಿಮ್ಮ ಜಾಗವನ್ನು ನೋಡುತ್ತ ನಿಂತಿತು. ಮೊದಲ ಸಲ ನಾನದನ್ನು ಸರಿಯಾಗಿ ನೋಡಿದೆ. ಹೌದು, ಕೊಡುತ್ತದೆ.

ನೀವು ಹೇಳಿಕೊಟ್ಟ ಮಾತು ನೆನಪಿತ್ತು. ಎರಡಕ್ಷರ. ಅವಳು ಕೇಳಿದ ಪ್ರಶ್ನೆಯ ಬೆನ್ನಿಗೇ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅವಳು ಇಳಿದಳು. ನೀವು ಮಾಡುವ ಹಾಗೆಯೇ ಬೆನ್ನು ಬಗ್ಗಿಸಿ ಆ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡಳು. "ಇದಕ್ಕೆ ಕಥೆ ಬೇಕು. ನನಗೆ ಬರಲ್ಲ. ನೀನು ಹೇಳಮ್ಮ" ಎಂದಳು.

"ನನಗೂ ಬರಲ್ಲ."

"ಅಪ್ಪ ಹೋಗಿದ್ದು ಹೇಳು."

ನಾನು ನನ್ನ ಕುದುರೆಯ ಮೇಲೆಯೇ ಕೂತಿದ್ದೆ. ಅಲ್ಲಿಂದಲೇ ಹೇಳಿದೆ. ಒಂದು ದಿನ ನಾನು ಲಾಯದಲ್ಲಿ ಮೇವು ಕಲಸ್ತಿದ್ದೆ.

"ಹೂಂ."

ಅಪ್ಪ ಬಂದು ಬಾಗಿಲಲ್ಲಿ ನಿಂತ್ರು. ಕೈಯಲ್ಲಿ ಆ ಕೆಲಸದ ಕಾಗದ ಇತ್ತು. ಹೋಗ್ಲಾ ಅಂದ್ರು.

"ಹೂಂ."

ನಾನು ತಲೆ ಎತ್ತಲಿಲ್ಲ. ಕೈಯೆಲ್ಲ ಮೇವಾಗಿತ್ತು. ಹೂಂ ಅಂದೆ. ಅಪ್ಪ ಹೋದ್ರು.

ಅವಳು ಕಾಯುತ್ತಿದ್ದಳು. ಕಾಲು ಭಾರವಿದ್ದಿರಬೇಕು, ಹಣೆಯಲ್ಲಿ ಬೆವರು. ಮುಂದೆ ಇನ್ನೇನೋ ಇದೆಯೆಂದು ತಲೆಯೆತ್ತಿ ನನ್ನನ್ನೇ ನೋಡಿದಳು. ಇರಲಿಲ್ಲ.

"ಅಷ್ಟೇನಾ?" ಎಂದಳು.

ಕುದುರೆಗೆ ಪ್ರಶ್ನೆಯೂ ಒಂದೇ, ಉತ್ತರವೂ ಒಂದೇ. ಕಂಬಳಿ ಕಾಲು ಬಿಡಿಸಿಕೊಂಡು ನೆಲಕ್ಕೆ ಇಳಿಸಿತು. ಸವಾರಳನ್ನು ಅಲ್ಲೇ ಬಿಟ್ಟು ಮುಂದೆ ಹೊರಟುಬಿಟ್ಟಿತು. ತೋಪಿನ ಕೊನೆಯವರೆಗೆ ನಾವಿಬ್ಬರೂ ಅದರ ಹಿಂದೆ. ಅವಳು ಓಡುತ್ತ ನಗುತ್ತಿದ್ದಳು, ನಗುತ್ತಿದ್ದಳು ಎಂದೇ ಬರೆಯುತ್ತೇನೆ.

ದಲ್ಲಾಳಿಗೆ ಬೇಡವೆಂದು ಹೇಳಿಕಳಿಸಿದ್ದೇನೆ. "ಒಂದು ಮಾತಲ್ಲಿ ನಿಲ್ಲೋದು ಕಲೀರಮ್ಮ" ಎಂದನಂತೆ. ಕಂಬಳಿಯ ಲಾಳ ಸವೆದಿದೆ. ಪೇಟೆಯವನಿಗೆ ಇನ್ನೂ ಹೇಳಿಕಳಿಸಿಲ್ಲ.

ಅಂಚೆಯವನ ಟೋಪಿ ಸಿಕ್ಕಿತೋ ಇಲ್ಲವೋ ಎಂದು ಅವಳು ಕೇಳಿದ್ದಾಳೆ. ಅಪ್ಪ ಬರಲ್ವಾ ಎಂದು ನನ್ನನ್ನು ಅವಳು ಕೇಳಿದ್ದಕ್ಕೂ ಇನ್ನೂ ಉತ್ತರ ಕೊಟ್ಟಿಲ್ಲ. ನೀವು ನನ್ನನ್ನು ಇನ್ನೊಮ್ಮೆ ಏನಾದರೂ ಕೇಳುವುದಿದ್ದರೆ, ಹೂಂ ಎಂದು ಉತ್ತರ ಕೊಡಬಹುದಾದಂಥದ್ದನ್ನು ಕೇಳಿ. ಬೇರೆ ಮಾತು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಇಂತಿ,
ಲಾಯದವಳು